‘ಸಂಸ್ಕಾರ’ವೆಂಬ ಮಾತು: ಮಲೆನಾಡಿನ ಧರ್ಮಭಗಿನಿಯರ ಪಾಠದ ಕನ್ನಡ

ಕನ್ನಡದ ಕ್ರೈಸ್ತ ಸಾಹಿತ್ಯವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಮಂಗಳೂರಿನ ಬಾಸೆಲ್ ಮಿಷನ್ನಿನ ಕಡೆಗೇ ಹರಿಯುತ್ತದೆ. 1843ರ ‘ಮಂಗಳೂರ ಸಮಾಚಾರ’, ಮೋಗ್ಲಿಂಗನ ಗ್ರಂಥಸಂಪಾದನೆ, 1894ರ ಕಿಟ್ಟೆಲ್ ನಿಘಂಟು ಇವುಗಳ ಋಣ ಸಾಮಾನ್ಯವಾದುದಲ್ಲ. ಅದನ್ನು ಇಲ್ಲಿ ಕಡಮೆಮಾಡಿ ಹೇಳುವ ಉದ್ದೇಶವೂ ನಮಗಿಲ್ಲ. ಆದರೆ ಇವೆಲ್ಲವೂ ಪಂಡಿತರ ಕನ್ನಡ, ಪುರುಷರ ಕನ್ನಡ, ಅಚ್ಚಿನ ಕನ್ನಡ. ಇದರ ಮಗ್ಗುಲಲ್ಲಿಯೇ, ಇದಕ್ಕಿಂತ ಬಹುಮಟ್ಟಿಗೆ ಬೇರೆಯಾದ ಇನ್ನೊಂದು ಕ್ರೈಸ್ತ ಕನ್ನಡ ಬೆಳೆದಿದೆ. ಅದು ಭಾನುವಾರದ ಪೂಜೆಯಾದ ಮೇಲೆ ಏಳೆಂಟು ವಯಸ್ಸಿನ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಕಥೋಲಿಕ ಧರ್ಮಭಗಿನಿಯರು ಆಡುವ ಕನ್ನಡ. ಆ ಮಾತಿಗೆ ಗ್ರಂಥಕರ್ತರಿಲ್ಲ, ಆವೃತ್ತಿಗಳಿಲ್ಲ. ಆದುದರಿಂದ ವಿಮರ್ಶೆಯೂ ಹುಟ್ಟಲಿಲ್ಲ. ಆ ಪಾಠದ ಕೆಲವು ಮುಖ್ಯ ಶಬ್ದಗಳನ್ನು ಎತ್ತಿಕೊಂಡು, ಅವು ಕೇಳುವ ಮಗುವಿನ ಕಿವಿಯಲ್ಲಿ ಏನಾಗುತ್ತವೆ, ನಮ್ಮ ಮಲೆನಾಡಿನ ಕಾದಂಬರಿಗಳು ಆ ಮಗುವನ್ನು ಕಂಡಿವೆಯೇ ಎಂಬುದನ್ನು ಪರಿಶೀಲಿಸುವುದಷ್ಟೇ ಈ ಲೇಖನದ ಗುರಿ.

ಪರಿಶೀಲನೆಗೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಇನ್ನೂ ಕಿರಿದುಮಾಡಿ ಹೇಳುವುದಾದರೆ ಸೀತೂರಿನ ಸುತ್ತಿನ ನೆಲವನ್ನು. ಆಯ್ಕೆಗೆ ಕಾರಣ ಉಂಟು. ಸಂಸ್ಕಾರ, ಪ್ರಸಾದ, ದೀಕ್ಷೆ ಎಂಬ ಮೂರು ಮಾತುಗಳಿಗೆ ಇಲ್ಲಿರುವಷ್ಟು ಒಡೆಯರು ಬೇರೆಡೆ ಇರುವುದು ವಿರಳ. ತುಂಗೆಯ ದಡದಲ್ಲಿ ಶೃಂಗೇರಿಯ ಶಾರದಾಪೀಠ. ಭದ್ರೆಯ ದಡದಲ್ಲಿ ಬಾಳೆಹೊನ್ನೂರಿನ ರಂಭಾಪುರಿ ಪೀಠ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ ಮತ್ತು ಜೈನಮಠ. ವೈದಿಕ, ವೀರಶೈವ, ಜೈನ ಮೂರೂ ಪರಂಪರೆಗಳು ಒಂದು ದಿನದ ನಡಿಗೆಯಷ್ಟು ದೂರದಲ್ಲಿ ಒಂದೇ ಶಬ್ದಗಳನ್ನು ಬೇರೆಬೇರೆ ಅರ್ಥಗಳಲ್ಲಿ ಬಳಸುತ್ತ ಬಂದಿವೆ. ಕಥೋಲಿಕರ ಧರ್ಮೋಪದೇಶ ಈ ನೆಲದಲ್ಲಿ ನಾಲ್ಕನೆಯ ಬಾಡಿಗೆದಾರನಂತೆ ಅದೇ ಶಬ್ದಗಳ ಮನೆಗೆ ಬಂದು ನೆಲಸಿತು.

ಮೊದಲು ಈ ಭಗಿನಿಯರ ಪರಂಪರೆಯನ್ನು ಸಂಕ್ಷೇಪವಾಗಿ ನೋಡಬಹುದು. ಕರಾವಳಿಯ ಮೂರು ಸಂಘಗಳು ಈ ಕೆಲಸಕ್ಕೆ ತಳಹದಿ ಹಾಕಿದವು. ತಾಯಿ ವೆರೋನಿಕಾ ಸ್ಥಾಪಿಸಿದ ಅಪೊಸ್ತಲಿಕ ಕಾರ್ಮೆಲ್ ಸಂಘದ ಭಗಿನಿಯರು ಫ್ರಾನ್ಸಿನಿಂದ 1870ರ ನವೆಂಬರಿನಲ್ಲಿ ಮಂಗಳೂರಿಗೆ ಬಂದಿಳಿದರು. 1887ರಲ್ಲಿ ಜೆಸ್ವಿಟ್ ಪಾದ್ರಿ ಉರ್ಬನ್ ಸ್ಟೈನ್ ಸ್ಥಳೀಯ ಹೆಣ್ಣುಮಕ್ಕಳನ್ನು ಕೂಡಿಸಿ ಕಟ್ಟಿದ ಬಳಗ ಮುಂದೆ ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಘವಾಯಿತು. 1921ರ ಜುಲೈ 16ರಂದು ಮಂಗಳೂರಿನ ಬೆಂದೂರಿನಲ್ಲಿ ಮೊನ್ಸಿಂಜೊರ್ ರೇಮಂಡ್ ಮಸ್ಕರೇನಸರು ಬೆಥನಿ ಸಂಘವನ್ನು ಆರಂಭಿಸಿದರು. ಹಳ್ಳಿಯ ಬಡ ಹೆಣ್ಣುಮಕ್ಕಳ ವಿದ್ಯೆ ಅದರ ಮೊದಲ ಕಾಳಜಿ. ವಿಮರ್ಶಕನ ಕಣ್ಣಿಗೆ ಇಲ್ಲಿ ಮುಖ್ಯವಾಗುವ ಸಂಗತಿ ಬೇರೆ. ಕಾರ್ಮೆಲಿನವರು ಫ್ರೆಂಚ್ ಇಂಗ್ಲಿಷುಗಳೊಡನೆ ಬಂದವರು. ಉಳಿದೆರಡು ಸಂಘಗಳ ಮೊದಲ ತಲೆಮಾರಿನ ಭಗಿನಿಯರಲ್ಲಿ ಬಹುಮಂದಿಯ ಮನೆಮಾತು ಕೊಂಕಣಿ. ಘಟ್ಟ ಹತ್ತಿ ಬಂದಾಗ ಕನ್ನಡವು ಕಲಿಸುವವರಿಗೂ ಕಲಿತ ಭಾಷೆ, ಕಲಿಯುವವರಿಗೂ ಕಲಿತ ಭಾಷೆ. ಹೀಗೆ ಇಬ್ಬರಿಗೂ ತಾಯ್ನುಡಿಯಲ್ಲದ ಭಾಷೆಯಲ್ಲಿ ಮನಸ್ಸಿನ ಅತ್ಯಂತ ಒಳಗಿನ ಸಂಗತಿಗಳನ್ನು ಹೇಳಿಕೊಡಬೇಕಾಗಿ ಬಂದುದು ಈ ಪಾಠದ ಮೊದಲ ಕಷ್ಟ. ಅದರ ವಿಶೇಷವೂ ಅದೇ.

ಎರಡನೆಯ ಕಷ್ಟ ರೋಮಿನಿಂದ ಬಂದಿತು. ಯೂರೋಪಿನ ಹಲವು ದೇಶಗಳಲ್ಲಿ ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ವರ್ಷಗಳಾಗುವವರೆಗೆ ಮಕ್ಕಳಿಗೆ ಪರಮಪ್ರಸಾದವನ್ನು ಕೊಡುತ್ತಿರಲಿಲ್ಲ. 1910ರ ಆಗಸ್ಟ್ 8ರ ಆಜ್ಞೆಯಿಂದ ಹತ್ತನೆಯ ಪಿಯುಸ್ ಪೋಪರು ಈ ಮಿತಿಯನ್ನು ಬುದ್ಧಿ ಬರುವ ವಯಸ್ಸಿಗೆ, ಎಂದರೆ ಸುಮಾರು ಏಳು ವರ್ಷಕ್ಕೆ, ಇಳಿಸಿದರು. ಪರಿಣಾಮವಾಗಿ ದೊಡ್ಡವರ ತರ್ಕಕ್ಕೆ ಹೊಂದುವಂತೆ ರಚಿತವಾದ ಪ್ರಶ್ನೋತ್ತರ ಗ್ರಂಥವನ್ನು ಎರಡನೆಯ ತರಗತಿಯ ಮಗುವಿಗೆ ಹೇಳಿಕೊಡಬೇಕಾಯಿತು. ಪಾದ್ರಿಗಳಿಂದ ಸುಲಭವಾಗಿ ಆಗದ ಈ ಕೆಲಸ ಸಹಜವಾಗಿಯೇ ಭಗಿನಿಯರ ಪಾಲಿಗೆ ಬಂದಿತು. ಲ್ಯಾಟಿನ್ ಪೂಜೆಯ ಕಾಲ ಮುಗಿದುದು ಇನ್ನೂ ಅರ್ಧ ಶತಮಾನದ ಮೇಲೆ. ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ದಾರಿ ತೆರೆದ ಶಾಸನವನ್ನು 1963ರ ಡಿಸೆಂಬರ್ 4ರಂದು ಹೊರಡಿಸಿತು. ಅದಕ್ಕೆ ಹದಿನೆಂಟು ದಿನಗಳ ಹಿಂದೆ, ನವೆಂಬರ್ 16ರಂದು, ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿತ್ತು. ಕಾಕತಾಳೀಯವಾದರೂ ಇದು ಗಮನಾರ್ಹ. ಈ ಧರ್ಮಕ್ಷೇತ್ರವೂ ಪೂಜಾಪೀಠದ ಕನ್ನಡವೂ ಬಹುಮಟ್ಟಿಗೆ ಓರಗೆಯವು.

ಇನ್ನು ಮಗುವಿನ ವಿಷಯ. ಸೀತೂರಿನ ಆಸುಪಾಸಿನ ಯಾವುದಾದರೊಂದು ತೋಟದ ಲೈನುಮನೆಯ ಮಗುವನ್ನು ಊಹಿಸಿಕೊಳ್ಳೋಣ. ಅಡಕೆ, ಕಾಫಿ, ಮೆಣಸು, ರಬ್ಬರುಗಳ ಈ ಸೀಮೆಗೆ ಕೂಲಿಗಾಗಿ ಕರಾವಳಿಯಿಂದ ಕೊಂಕಣಿ ತುಳುಗಳು ಬಂದವು, ತಮಿಳು ಬಂದಿತು, ಕೇರಳದ ಕೃಷಿಕರು ಬಂದು ನೆಲಸಿದುದರಿಂದ ಮಲಯಾಳವೂ ಅದರೊಡನೆ ಸಿರಿಯನ್ ಸಂಪ್ರದಾಯವೂ ಬಂದವು. ಸೀರೊ-ಮಲಬಾರ್ ವಿಶ್ವಾಸಿಗಳಿಗಾಗಿ 2007ರಲ್ಲಿ ಭದ್ರಾವತಿ ಧರ್ಮಕ್ಷೇತ್ರವೇ ಪ್ರತ್ಯೇಕವಾಗಿ ಏರ್ಪಟ್ಟಿತು. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಂಥ ದೂರದ ರಾಜ್ಯಗಳ ಕೂಲಿಕಾರರೂ ಈ ತೋಟಗಳಲ್ಲಿ ಕಾಣಸಿಗುತ್ತಾರೆ. ತಾಯಿತಂದೆಗಳು ಬೆಳಗಾಗುತ್ತಲೇ ತೋಟಕ್ಕೆ ಹೋಗುವವರು. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಐವತ್ತು ಮಂದಿ ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುವಿಹಾರವಿರಬೇಕೆಂದೂ ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು ಇಪ್ಪತ್ತೈದಕ್ಕೆ ಮೀರಿದಲ್ಲಿ ಶಾಲೆಯ ಅನುಕೂಲವಿರಬೇಕೆಂದೂ ಗೊತ್ತುಮಾಡಿತು. ಸಣ್ಣ ಹಿಡುವಳಿಗಳ ಮಲೆನಾಡಿನಲ್ಲಿ ಆ ಸಂಖ್ಯೆಗೆ ಮುಟ್ಟದ ತೋಟಗಳು ಎಷ್ಟೋ ಉಂಟು. ಮಕ್ಕಳನ್ನು ಸಂಸ್ಕಾರಗಳಿಗೆ ಸಿದ್ಧಗೊಳಿಸುವುದು ಮೊದಲು ತಾಯಿತಂದೆಗಳ ಕರ್ತವ್ಯವೆಂದು 1983ರ ಧರ್ಮಸಭೆಯ ಕಾನೂನುಸಂಹಿತೆ ಹೇಳುತ್ತದೆ. ಕಾಫಿ ಹಣ್ಣಿನ ಕಾಲದಲ್ಲಿ ಹೊತ್ತು ಮುಳುಗಿ ಮನೆಗೆ ಬರುವ ತಾಯಿಗೆ ಆ ಕರ್ತವ್ಯ ನಡೆಸುವ ಬಿಡುವು ಎಲ್ಲಿಯದು? ಆಕೆಯ ಬದಲಿಗೆ ಭಗಿನಿ ನಿಲ್ಲುತ್ತಾಳೆ. ಆಕೆ ಆಡುವ ಶಬ್ದಗಳನ್ನು ಗ್ರಂಥದ ಪಾರಿಭಾಷಿಕಗಳೆಂದು ತೂಗಿದರೆ ಸಾಲದು, ತಾಯಿ ಆಡಬೇಕಾಗಿದ್ದ ಮಾತುಗಳೆಂದೂ ತೂಗಬೇಕೆಂಬುದು ಇದರಿಂದ ಸ್ಪಷ್ಟ.

ಮೊದಲ ಶಬ್ದ ‘ಸಂಸ್ಕಾರ’. ಲ್ಯಾಟಿನ್ನಿನ ‘ಸಾಕ್ರಮೆಂತುಂ’ ಮೂಲದಲ್ಲಿ ಸೈನಿಕನ ಪ್ರಮಾಣವಚನ. ಗ್ರೀಕಿನಲ್ಲಿ ಅದೇ ವಸ್ತುವಿಗೆ ‘ಮಿಸ್ತೇರಿಯೋನ್’, ಎಂದರೆ ರಹಸ್ಯ. ಕೊಂಕಣಿ ಆ ಲ್ಯಾಟಿನ್ ಶಬ್ದವನ್ನು ಪೋರ್ಚುಗೀಸರ ಬಾಯಿಂದ ಹಾಗೆಯೇ ಎತ್ತಿಕೊಂಡು ‘ಸಾಕ್ರಾಮೆಂತ್’ ಎಂದಿತು. ಮಲಯಾಳ ಸಿರಿಯಾಕಿನ ‘ಕೂದಾಶ’ವನ್ನು ಉಳಿಸಿಕೊಂಡಿತು. ಹಳೆಯ ತಮಿಳು ‘ದೇವತಿರವಿಯ ಅನುಮಾನಂ’ ಎಂದು ದೈವದ್ರವ್ಯದ ಊಹೆಯನ್ನೇ ಶಬ್ದದಲ್ಲಿಟ್ಟಿತು. ಕನ್ನಡ ಮಾತ್ರ ಆಗಲೇ ತುಂಬಿ ತುಳುಕುತ್ತಿದ್ದ ಒಂದು ದೇಶೀಯ ಸಂಜ್ಞೆಯನ್ನು ತೆಗೆದುಕೊಂಡಿತು. ವೈದಿಕ ಸಂಪ್ರದಾಯದ ಪ್ರಕಾರ ಸಂಸ್ಕಾರವೆಂದರೆ ಜೀವವನ್ನು ಹಂತಹಂತವಾಗಿ ಹಸನುಮಾಡುವ ಕ್ರಿಯೆ; ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗೆ ಹದಿನಾರು. ಕಥೋಲಿಕರಿಗೆ ಏಳು. ಸಂಖ್ಯೆಯ ವ್ಯತ್ಯಾಸ ಹಾಗಿರಲಿ, ಹುಟ್ಟಿನಿಂದ ಸಾವಿನವರೆಗೆ ಬಾಳಿನ ತಿರುವುಗಳಲ್ಲಿ ನಿಲ್ಲುವ ಕ್ರಿಯಾಸರಣಿ ಎಂಬ ಕಲ್ಪನೆ ಎರಡಕ್ಕೂ ಸಮಾನ. ಬ್ರಾಹ್ಮಣ ವಟುವಿಗೆ ಎಂಟನೆಯ ವರ್ಷದಲ್ಲಿ ಉಪನಯನ, ಕಥೋಲಿಕ ಮಗುವಿಗೆ ಏಳೆಂಟನೆಯ ವರ್ಷದಲ್ಲಿ ಮೊದಲ ಪರಮಪ್ರಸಾದ ಎಂಬ ಹೋಲಿಕೆಯನ್ನು ಯಾರೂ ಯೋಜಿಸಲಿಲ್ಲ. ಆದರೂ ಅದು ಕಣ್ಣಿಗೆ ಹೊಡೆಯುವಂತಿದೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಉಪನಯನ ವರ್ಣವನ್ನೂ ಲಿಂಗವನ್ನೂ ನೋಡಿ ಬಾಗಿಲು ತೆರೆಯುವ ಸಂಸ್ಕಾರ. ಲೈನುಮನೆಯ ಹುಡುಗಿ ಬಿಳಿಯುಡುಗೆಯುಟ್ಟು ಮೇಣದ ಬತ್ತಿ ಹಿಡಿದು ತೋಟದೊಡೆಯನ ಮಗನ ಸಾಲಿನಲ್ಲಿಯೇ ನಿಲ್ಲುವಾಗ ‘ಸಂಸ್ಕಾರ’ವೆಂಬ ಶಬ್ದದ ಮೇರೆ ಸದ್ದಿಲ್ಲದೆ ಜರುಗಿಹೋಗಿರುತ್ತದೆ. ಬಡವರ ಮಕ್ಕಳಿಗೆ ಬೇರೆಯ ಬಟ್ಟೆಯೆಂಬ ಅವಮಾನ ಬರಬಾರದೆಂದು ಎಲ್ಲರಿಗೂ ಒಂದೇ ಬಗೆಯ ಸಾದಾ ಉಡುಗೆಯನ್ನು ಗೊತ್ತುಮಾಡುವ ಧರ್ಮಕೇಂದ್ರಗಳೂ ಉಂಟು. ಉಡುಗೆಯ ಪೈಪೋಟಿಗೆ ಎಡೆಗೊಡುವವೂ ಉಂಟು.

ಆದರೆ ಆಡುಮಾತಿನಲ್ಲಿ ಈ ಶಬ್ದದ ಗತಿ ಏನು? ‘ಸಂಸ್ಕಾರ ಆಯಿತೇ?’ ಎಂದು ಹಳ್ಳಿಯಲ್ಲಿ ಕೇಳಿದರೆ ಹೆಣಕ್ಕೆ ಬೆಂಕಿ ಕೊಟ್ಟಾಯಿತೇ ಎಂದೇ ಅರ್ಥ. ಮಗು ಈ ಮಾತನ್ನು ಮೊದಲು ಕೇಳುವುದು ಸಾವಿನ ಮನೆಯಲ್ಲಿ. ಅದನ್ನು ಮಗುವಿನ ಮನಸ್ಸಿನಿಂದ ಬಿಡಿಸಿ ಹುಟ್ಟಿನ ಕಡೆಗೆ, ಅನ್ನದ ಕಡೆಗೆ ತಿರುಗಿಸುವುದು ಸಾಮಾನ್ಯವಾದ ಬೋಧನೆಯಲ್ಲ. ಇದೇ ಮಲೆನಾಡಿನಲ್ಲಿ, ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರು 1965ರಲ್ಲಿ ಇದೇ ಹೆಸರಿನ ಕಾದಂಬರಿಯನ್ನು ಪ್ರಕಟಿಸಿದರು. ಅಲ್ಲಿ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವ ಅಧಿಕಾರ ಯಾರದೆಂಬ ಪ್ರಶ್ನೆಯಿಂದ ಒಂದು ಅಗ್ರಹಾರವೇ ತತ್ತರಿಸುತ್ತದೆ; ಕೊನೆಗೆ ಚಂದ್ರಿ ಒಬ್ಬ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಆ ಕೆಲಸವನ್ನು ಮುಗಿಸುತ್ತಾಳೆ. ಶಬ್ದದ ಅಧಿಕಾರ ಅದರ ವಾರಸುದಾರರ ಕೈಯಿಂದ ಜಾರುವ ಆ ಪ್ರಸಂಗವನ್ನು ನಮ್ಮ ವಿಮರ್ಶೆ ಹಲವು ಬಾರಿ ಚರ್ಚಿಸಿದೆ. ಅದೇ ಶಬ್ದ ಅದೇ ದಶಕದಲ್ಲಿ, ಅದೇ ಕಾಡಿನ ಇನ್ನೊಂದು ಮಗ್ಗುಲಲ್ಲಿ, ಯಾವ ತಳಮಳವೂ ಇಲ್ಲದೆ ಕೂಲಿಮಕ್ಕಳ ಬಾಯಿಗೆ ಬರುತ್ತಿದ್ದುದನ್ನು ಮಾತ್ರ ಅದು ಗಮನಿಸಲಿಲ್ಲ.

‘ಪ್ರಸಾದ’ದ ಕಥೆ ಇನ್ನೂ ಸೂಕ್ಷ್ಮವಾದುದು. ಕಾವ್ಯಮೀಮಾಂಸೆಯಲ್ಲಿ ಪ್ರಸಾದವೊಂದು ಗುಣ. ತಿಳಿಯಾದುದು ಎಂದು ಅದರ ಮೂಲಾರ್ಥ. ಶೃಂಗೇರಿಯಲ್ಲಿ ಮಧ್ಯಾಹ್ನದ ಊಟವೂ ಪ್ರಸಾದವೇ. ವೀರಶೈವದಲ್ಲಿ ಅದು ಅಷ್ಟಾವರಣಗಳಲ್ಲೊಂದು. ಷಟ್‌ಸ್ಥಲದ ಮೂರನೆಯ ಮೆಟ್ಟಿಲಿನ ಹೆಸರೇ ಪ್ರಸಾದಿ. ಕಥೋಲಿಕ ಕನ್ನಡ ಇದಕ್ಕೆ ‘ಪರಮ’ ಸೇರಿಸಿ ರೊಟ್ಟಿಯ ರೂಪದ ಕ್ರಿಸ್ತಶರೀರಕ್ಕೆ ಹೆಸರಿಟ್ಟಿತು. ‘ವರ’ ಸೇರಿಸಿ ದೈವಕೃಪೆಗೆ ಹೆಸರಿಟ್ಟಿತು. ಅನುವಾದಕನು ದೇವಾಲಯದ ಪ್ರಸಾದವನ್ನು ನೋಡಿ ಈ ಶಬ್ದವನ್ನು ಆರಿಸಿಕೊಂಡನೆಂದು ಮೇಲ್ನೋಟಕ್ಕೆ ತೋರಬಹುದು. ನಮ್ಮ ಅಭಿಪ್ರಾಯ ಬೇರೆ. ದೇವಾಲಯದ ಪ್ರಸಾದವನ್ನು ಮಗು ಎಲೆಯಲ್ಲಿ ಕಟ್ಟಿಕೊಂಡು ಮನೆಗೆ ತರುತ್ತದೆ, ತಂಗಿಗೆ ಅರ್ಧ ಮುರಿದು ಕೊಡುತ್ತದೆ. ಬೇಡಿದವರಿಗೆಲ್ಲ ಹಂಚುವುದೇ ಅದರ ಧರ್ಮ. ಪರಮಪ್ರಸಾದವನ್ನು ಮನೆಗೆ ಕೊಂಡೊಯ್ಯುವಂತಿಲ್ಲ, ತಂಗಿಗೆ ಕೊಡುವಂತಿಲ್ಲ, ಸಿದ್ಧತೆಯಿಲ್ಲದೆ ತೆಗೆದುಕೊಳ್ಳುವಂತಿಲ್ಲ. ತನ್ನನ್ನು ಒಪ್ಪಿಸಿದವನಿಗೆ ಮಾತ್ರ ದೊರೆಯುವುದೆಂಬ ಅಂಶದಲ್ಲಿ ಇದು ಶೃಂಗೇರಿಯ ಊಟದ ಪಂಕ್ತಿಗಿಂತ ಬಾಳೆಹೊನ್ನೂರಿನ ‘ಪ್ರಸಾದಿ’ಗೆ ಹತ್ತಿರ. ಕನ್ನಡದ ಶಬ್ದ ಒಳ್ಳೆಯ ಆಯ್ಕೆ. ಆದರೆ ಅದು ಒಳ್ಳೆಯದಾಗುವುದು ಮಗುವಿಗೆ ತಿಳಿದಿರುವ ಅರ್ಥದಿಂದಲ್ಲ, ತಿಳಿಯದಿರುವ ಅರ್ಥದಿಂದ. ಹಂಚಿ ತಿನ್ನಬೇಕೆಂದು ವಾರವೆಲ್ಲ ಕಲಿಸಿದ ಭಗಿನಿಯೇ ಭಾನುವಾರ ‘ಇದನ್ನು ಹಂಚಬಾರದು’ ಎಂದು ಹೇಳಬೇಕು. ಬಡಮಗುವಿಗೆ ಈ ವಿರೋಧ ಬರಿಯ ತರ್ಕದ್ದಲ್ಲ, ಹೊಟ್ಟೆಯದು.

ಹೊಟ್ಟೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬಹುದು. 1950ರ ದಶಕದವರೆಗೆ ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ಉಪವಾಸವಿರಬೇಕಾಗಿತ್ತು. ಹನ್ನೆರಡನೆಯ ಪಿಯುಸ್ ಪೋಪರು 1957ರಲ್ಲಿ ಇದನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಆರನೆಯ ಪೌಲರು ಒಂದು ಗಂಟೆಗೆ ಇಳಿಸಿದರು. ಘಟ್ಟದ ಮಳೆಯಲ್ಲಿ ತೋಟದಿಂದ ಇಗರ್ಜಿಗೆ ಬರಿಹೊಟ್ಟೆಯಲ್ಲಿ ನಡೆದುಬರುವ ಮಗುವಿನ ಪಾಲಿಗೆ ರೋಮಿನ ಈ ಎರಡು ಆಜ್ಞೆಗಳಿಗಿಂತ ದೊಡ್ಡ ಧರ್ಮಸುಧಾರಣೆ ಬೇರೊಂದಿರಲಾರದು. ಮೊದಲ ಪರಮಪ್ರಸಾದದ ದಿನ ಪೂಜೆಯಾದ ಕೂಡಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಉಪಾಹಾರ ಕೊಡುವ ಪದ್ಧತಿ ಆ ಹಳೆಯ ಉಪವಾಸದಿಂದಲೇ ಬೆಳೆದುದು. ಉಪವಾಸ ಹೋಯಿತು, ಉಪಾಹಾರ ಉಳಿಯಿತು.

‘ಜ್ಞಾನಸ್ನಾನ’, ‘ದೀಕ್ಷಾಸ್ನಾನ’, ‘ಸ್ನಾನದೀಕ್ಷೆ’ ಎಂಬ ಮೂರು ಮಾತುಗಳು ಒಂದೇ ಕ್ರಿಯೆಗೆ ಬಳಕೆಯಾಗಿವೆ. ಮೊದಲನೆಯದು ತಮಿಳಿನ ಹಳೆಯ ಬಳಕೆಯಲ್ಲಿಯೂ ಉಂಟು. ಹುಟ್ಟಿ ಕೆಲವು ವಾರಗಳಾದ ಕೂಸಿಗೆ ಮಾಡುವ ಕ್ರಿಯೆಗೆ ‘ಜ್ಞಾನ’ವನ್ನು ಜೋಡಿಸುವುದು ಅಷ್ಟು ಸಮಂಜಸವಲ್ಲ. ‘ದೀಕ್ಷೆ’ ಉತ್ತಮ, ಜೈನರಿಗೂ ವೀರಶೈವರಿಗೂ ಬೇಕಾದ ಈ ಶಬ್ದದಲ್ಲಿ ಒಂದು ಸಮುದಾಯಕ್ಕೆ ಸೇರುವ ಅರ್ಥವೂ ಒಂದು ನಿಯಮಕ್ಕೆ ಒಳಪಡುವ ಅರ್ಥವೂ ಸೇರಿವೆ. ತಮಿಳು ಕಥೋಲಿಕರು ಈಚೆಗೆ ಸಂಸ್ಕೃತವನ್ನು ಕಳೆದು ‘ತಿರುಮುೞುಕ್ಕು’ ಎಂಬ ಅಚ್ಚ ಶಬ್ದವನ್ನು ಬಳಕೆಗೆ ತಂದಿದ್ದಾರೆ. ನೀರಿನಲ್ಲಿ ಅದ್ದುವುದು ಎಂಬ ಗ್ರೀಕ್ ಮೂಲಕ್ಕೆ ಅದು ಬಹಳ ಹತ್ತಿರ. ಕನ್ನಡದಲ್ಲಿ ಆ ಧಾತು ಹಳಗನ್ನಡದ ‘ಮುೞುಗು’ ಆಗಿ ಇದ್ದೇ ಇದೆ. ಆದರೆ ನಮ್ಮಲ್ಲಿ ಮನೆ ಮುಳುಗುತ್ತದೆ, ವ್ಯಾಪಾರ ಮುಳುಗುತ್ತದೆ, ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿವೆ. ಅಂಥ ಶಬ್ದವನ್ನು ನರಸಿಂಹರಾಜಪುರದ ತಾಯಿಯೊಬ್ಬಳ ಮುಂದೆ ಆಕೆಯ ಕೂಸಿನ ವಿಷಯದಲ್ಲಿ ಆಡುವ ಧೈರ್ಯ ಯಾವ ಭಾಷಾಶುದ್ಧಿವಾದಿಗೂ ಬರಲಾರದು.

ಈ ಶಬ್ದಸಮೂಹದಲ್ಲಿ ನಮಗೆ ಸಂಪೂರ್ಣವಾಗಿ ಸೋತಂತೆ ಕಾಣುವುದು ‘ದೃಢೀಕರಣ’. ಅಭಿಷೇಕತೈಲವನ್ನು ಹಣೆಗೆ ಹಚ್ಚಿ ವಿಶ್ವಾಸದಲ್ಲಿ ಬಲಪಡಿಸುವ ಸಂಸ್ಕಾರಕ್ಕೆ ಈ ಹೆಸರು. ಮಲಯಾಳ ‘ಸ್ಥೈರ್ಯಲೇಪನ’ ಎನ್ನುತ್ತದೆ. ತಮಿಳು ‘ಉಱುದಿಪೂಸುದಲ್’ ಎನ್ನುತ್ತದೆ. ಎರಡರಲ್ಲಿಯೂ ಸ್ಥೈರ್ಯವಿದೆ, ಹಚ್ಚುವ ಎಣ್ಣೆಯೂ ಇದೆ. ಕನ್ನಡದಲ್ಲಿ ಎಣ್ಣೆ ಸೋರಿಹೋಗಿ ಬರಿಯ ದಾರ್ಢ್ಯ ಉಳಿದಿದೆ. ಸಾಲದುದಕ್ಕೆ ಸರಕಾರದ ಕಚೇರಿಗಳು ಈ ಶಬ್ದವನ್ನು ತಮ್ಮದಾಗಿಸಿಕೊಂಡವು. ಇಂದು ಬಡಮಗುವಿಗೆ ‘ದೃಢೀಕರಣ’ವೆಂದರೆ ನಾಡಕಚೇರಿಯ ಸಾಲಿನಲ್ಲಿ ಅಪ್ಪ ಕೂಲಿ ಕಳೆದುಕೊಂಡು ನಿಂತು ತಂದ ಜಾತಿಯ ಕಾಗದ, ಆದಾಯದ ಕಾಗದ. ‘ಪೂಸು’ ಎಂಬ ಕ್ರಿಯಾಪದ ಕನ್ನಡದಲ್ಲಿಯೂ ಜೀವಂತವಾಗಿರುವಾಗ ಅದನ್ನು ಕೈಬಿಟ್ಟುದು ಅನುವಾದಕರ ಅವಸರವೆಂದೇ ಹೇಳಬೇಕಾಗಿದೆ.

‘ಪಾಪನಿವೇದನೆ’ಯಲ್ಲಿ ‘ನಿವೇದನೆ’ಯ ಆಯ್ಕೆ ಸೊಗಸಾದುದು. ಅರಿಕೆ ಮಾಡಿಕೊಳ್ಳುವುದು ಎಂಬ ಅರ್ಥದ ಹಿಂದೆಯೇ ನೈವೇದ್ಯವೂ ನೆನಪಾಗುತ್ತದೆ. ತಪ್ಪನ್ನೂ ಒಂದು ಅರ್ಪಣೆಯಂತೆ ಮುಂದಿಡಬಹುದೆಂಬ ಧ್ವನಿ ಇದರಲ್ಲಿದೆ. ಇಲ್ಲಿ ತೊಡಕೆಲ್ಲ ‘ಪಾಪ’ದ್ದು. ಕನ್ನಡದ ಮಗು ಈ ಮಾತನ್ನು ಮೊದಲು ಕೇಳುವುದು ಕರುಣೆಯ ಉದ್ಗಾರವಾಗಿ. ಬಿದ್ದರೆ ‘ಅಯ್ಯೋ ಪಾಪ’, ಹಸಿದರೆ ‘ಪಾಪ’. ಎಳೆಯ ಕೂಸು ಕೂಡ ‘ಪಾಪ’ವೇ. ಏಳು ವರ್ಷ ತನ್ನ ಮೇಲೆ ಮಮತೆಯಿಂದ ಸುರಿದ ಶಬ್ದವೇ ಈಗ ತನ್ನೊಳಗಿನ ಕಲೆಯ ಹೆಸರೆಂದು ಆ ಮಗು ಕಲಿಯಬೇಕಾಗುತ್ತದೆ. ಕೊಂಕಣಿಯ ‘ಕುಮ್ಸಾರ್’, ಮಲಯಾಳದ ‘ಕುಂಬಸಾರಂ’ ಎರಡ�ೂ ಪೋರ್ಚುಗೀಸಿನ ಒಂದೇ ಧಾತುವಿನಿಂದ ಬಂದ ಒಡಹುಟ್ಟುಗಳು; ಅವು ಅರ್ಥವಾಗದಿರುವುದರಿಂದಲೇ ಮಗುವನ್ನು ಹೆದರಿಸುವುದಿಲ್ಲ. ಪಾರದರ್ಶಕವಾದ ಶಬ್ದವೇ ಉತ್ತಮವೆಂದು ಭಾಷಾಂತರದ ಪಾಠಗಳಲ್ಲಿ ನಾವು ಹೇಳುತ್ತ ಬಂದಿದ್ದೇವೆ. ಮಗುವಿನ ವಿಷಯದಲ್ಲಿ ಆ ತತ್ತ್ವವನ್ನು ಮರುಪರಿಶೀಲಿಸುವುದು ಯುಕ್ತ. ಕೊಂಕಣಿ ಮಗುವೂ ಮಲಯಾಳಿ ಮಗುವೂ ಒಂದೇ ಬೆಂಚಿನಲ್ಲಿರುವ ತರಗತಿಯಲ್ಲಿ ಕನ್ನಡದ ಸ್ವಚ್ಛ ಶಬ್ದವನ್ನು ಈ ಪರಕೀಯ ಶಬ್ದದ ಮೂಲಕ ವಿವರಿಸಬೇಕಾಗುವುದು ಸ್ವಾರಸ್ಯವಾದ ವೈಚಿತ್ರ್ಯ.

ಸರ್ವನಾಮದ ಸಂಗತಿ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದುದು. ವಚನಕಾರರೂ ದಾಸರೂ ದೇವರನ್ನು ಕರೆದುದು ‘ನೀನು’ ಎಂದು. ಪ್ರೊಟೆಸ್ಟೆಂಟರ ಕನ್ನಡ ಬೈಬಲು ಆ ಏಕವಚನವನ್ನು ಉಳಿಸಿಕೊಂಡಿತು. ಕಥೋಲಿಕರ ಕನ್ನಡ ಪ್ರಾರ್ಥನೆ ಮಾತ್ರ ತಂದೆಯಾದ ದೇವರನ್ನು ‘ನೀವು’ ಎಂದು ಬಹುವಚನದಲ್ಲಿ ಸಂಬೋಧಿಸುತ್ತದೆ. ಮಲಯಾಳಿ ಮಗುವಿಗೆ ಇದು ಹೊಸದಲ್ಲ. ಅದರ ಪ್ರಾರ್ಥನೆಯಲ್ಲಿಯೂ ‘ಅಙ್ಙ್’ ಎಂಬ ಗೌರವಪದವೇ ಇದೆ. ಕೊಂಕಣಿ ಮಗು ಮನೆಯಲ್ಲಿ ದೇವರನ್ನು ‘ತುಂ’ ಎಂದು ಕರೆದು ಇಗರ್ಜಿಯಲ್ಲಿ ‘ನೀವು’ ಎನ್ನಬೇಕು. ಲೈನುಮನೆಯಲ್ಲಿ ತಾಯಿ ‘ನೀನು’. ‘ನೀವು’ ಎಂದರೆ ಸಾಹುಕಾರರು, ರೈಟರು, ಮೇಷ್ಟರು, ಸಿಸ್ಟರು. ಬಹುವಚನ ಗೌರವವನ್ನು ತೋರಿಸುತ್ತದೆ ನಿಜ. ಅದರೊಡನೆಯೇ ಅದು ದೇವರನ್ನು ಬಡಮಗುವಿನ ಲೋಕದಲ್ಲಿ ಯಾರ ಸಾಲಿಗೆ ಸೇರಿಸುತ್ತದೆಂಬುದನ್ನೂ ಯೋಚಿಸಬೇಡವೆ? ತಂದೆಯನ್ನು ಬಹುವಚನದಲ್ಲಿ ಕರೆಯುವ ಕುಟುಂಬಗಳು ಕನ್ನಡದಲ್ಲಿ ಬೇಕಾದಷ್ಟಿವೆ ಎಂದು ಇದಕ್ಕೆ ಸಮಾಧಾನ ಹೇಳಬಹುದು. ಅವು ಹೆಚ್ಚಾಗಿ ಯಾವ ಅಂತಸ್ತಿನ ಕುಟುಂಬಗಳು ಎಂಬ ಪ್ರಶ್ನೆ ಆಗ ಏಳುತ್ತದೆ. ನಮ್ಮ ಮಟ್ಟಿಗೆ ಕನ್ನಡದ ಭಕ್ತಿಸಾಹಿತ್ಯ ಎಂಟು ಶತಮಾನಗಳಿಂದ ಗಳಿಸಿಕೊಂಡಿದ್ದ ಸಲುಗೆಯನ್ನು ಇಲ್ಲಿ ಬಿಟ್ಟುಕೊಟ್ಟುದು ದೊಡ್ಡ ನಷ್ಟ.

ಈ ಮಗು ಕನ್ನಡ ಕಾದಂಬರಿಯಲ್ಲಿ ಎಲ್ಲಿದೆ? ಕಾರಂತರ ‘ಚೋಮನ ದುಡಿ’ (1933) ಮೊದಲು ನೆನಪಿಗೆ ಬರುತ್ತದೆ. ಸಾಲ ತೀರಿಸಲು ಘಟ್ಟದ ಕಾಫಿತೋಟಕ್ಕೆ ಹೋದ ಗುರುವ ಕ್ರೈಸ್ತ ಹುಡುಗಿಯೊಬ್ಬಳನ್ನು ಕೂಡಿ ಆ ಮತಕ್ಕೆ ಸೇರುತ್ತಾನೆ. ಬೆಳ್ಳಿಯ ಬಾಳಿನಲ್ಲಿ ಬರುವ ಕ್ರೈಸ್ತ ತೋಟದ ರೈಟರು ಮನ್ವೇಲ. ಬೇಸಾಯಕ್ಕೆ ಭೂಮಿ ಸಿಗುವುದೆಂಬ ಆಸೆಯಿಂದ ಪಾದ್ರಿಯ ಕಡೆಗೆ ಹೊರಟ ಚೋಮ ಪಂಜುರ್ಲಿಯನ್ನು ನೆನೆದು ಹಿಂದಿರುಗುತ್ತಾನೆ. ಕುವೆಂಪು ಹುಟ್ಟಿದುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಉಪದೇಶಿ ಜೀವರತ್ನಯ್ಯನೂ ಬೈಸಿಕಲ್ಲೂ ಬೆಟ್ಟಳ್ಳಿಯ ದೇವಯ್ಯನನ್ನು ಸೆಳೆಯುವ ಪ್ರಯತ್ನವೂ ಬರುತ್ತವೆ. ಎರಡೂ ಮಹಾಕೃತಿಗಳೇ. ಆದರೆ ಎರಡರಲ್ಲಿಯೂ ಕ್ರೈಸ್ತಧರ್ಮ ಒಂದು ಪ್ರಲೋಭನೆಯಾಗಿ, ಭೂಮಿಯಾಗಿ, ಯಂತ್ರವಾಗಿ, ಹೆಣ್ಣಾಗಿ ಹೊರಗಿನಿಂದ ಬರುತ್ತದೆ. ಅದು ಹುಟ್ಟಿನಿಂದಲೇ ಬಂದ ಬಡವರ ಮನೆಯ ಧರ್ಮವಾಗಿ, ಭಾನುವಾರದ ಬಾಯಿಪಾಠವಾಗಿ, ಭಗಿನಿಯೊಬ್ಬಳ ಗದರಿಕೆಯಾಗಿ ಅಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮತಾಂತರವೆಂಬ ಕ್ಷಣದ ಮೇಲೆ ನಮ್ಮ ಕಾದಂಬರಿಕಾರರು ಬಿಟ್ಟ ಬೆಳಕು ಮತದೊಳಗಿನ ಬಾಳಿನ ಮೇಲೆ ಬೀಳಲಿಲ್ಲ. ಸಾಗರದ ನಾ. ಡಿಸೋಜ (1937–2025) ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದರು. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಶೀರ್ಷಿಕೆಯೇ ನೋಡುವ ಸ್ಥಾನವನ್ನು ಹೊರಗಿನಿಂದ ಒಳಕ್ಕೆ ಸರಿಸಿತು. ಆ ಕೃತಿಯ ಬಲ ಸಮುದಾಯದ ಚಿತ್ರಣದಲ್ಲಿದೆ. ಬೆಂಚಿನ ಮೇಲೆ ಕುಳಿತ ಮಗುವಿನ ಮನಸ್ಸಿನಿಂದಲೇ ಬರೆದ ಮಲೆನಾಡಿನ ಕಾದಂಬರಿಯನ್ನು ನಾವಿನ್ನೂ ಎದುರುನೋಡುತ್ತಿದ್ದೇವೆ.

ಈ ಶಬ್ದಗಳ ಎರವಲಿನ ಬಗೆಗೆ ಒಂದು ಆಕ್ಷೇಪ ಹಳೆಯದು, ಈಗಲೂ ಕೇಳಿಬರುವುದು: ಪ್ರಸಾದ, ದೀಕ್ಷೆ, ಸಂಸ್ಕಾರ, ಪೂಜೆ ಇವೆಲ್ಲ ವೇಷ, ಪರಧರ್ಮವನ್ನು ನಮ್ಮ ಬಟ್ಟೆಯಲ್ಲಿ ಸುತ್ತಿ ಕೊಡುವ ಉಪಾಯ. 1606ರಲ್ಲಿ ಮಧುರೆಗೆ ಬಂದು ಸಂನ್ಯಾಸಿಯ ಉಡುಗೆ ತೊಟ್ಟ ರಾಬರ್ಟೊ ಡಿ ನೊಬಿಲಿಯ ಮೇಲೆ ಈ ದೂರನ್ನು ಮೊದಲು ಜೋರಾಗಿ ಹೊರಿಸಿದವರು ಅವನ ಮತದವರೇ. ರೋಮು ಅವನ ಪರವಾಗಿ ತೀರ್ಪು ಕೊಟ್ಟುದು 1623ರಲ್ಲಿ. ಎದುರು ದಾರಿಯನ್ನು ಹಿಡಿದವರೂ ಉಂಟು. ತಾಮಸ್ ಸ್ಟೀಫನ್ಸನ ಕೊಂಕಣಿ ಪ್ರಶ್ನೋತ್ತರ ಗ್ರಂಥ 1622ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾಯಿತು. ಕೊಂಕಣಿಯ ಧಾರ್ಮಿಕ ಬಳಕೆಯಲ್ಲಿ ಪೋರ್ಚುಗೀಸ್ ಸಂಜ್ಞೆಗಳು ಬೇರೂರಿ ನಿಂತವು. ಮೈಸೂರು ಸೀಮೆಯಲ್ಲಿ ಹದಿನೇಳನೆಯ ಶತಮಾನದ ಮಧ್ಯದಲ್ಲಿ ದುಡಿದ ಲಿಯೊನಾರ್ಡೊ ಚಿನ್ನಮಿ ಕನ್ನಡದಲ್ಲಿ ಧರ್ಮೋಪದೇಶ ಗ್ರಂಥವನ್ನು ಬರೆದನೆಂದು ಜೆಸ್ವಿಟರ ಚರಿತ್ರೆಗಳು ಹೇಳುತ್ತವೆ. ಬಿಷಪ್ ಶಾರ್ಬೊನೊ 1861ರಲ್ಲಿ ಬೆಂಗಳೂರಿನಲ್ಲಿ ಲ್ಯಾಟಿನ್-ಕನ್ನಡ ನಿಘಂಟನ್ನು ಹೊರತಂದನು. ಎರವಲು ಬೇಕೋ ಬೇಡವೋ ಎಂಬ ಚರ್ಚೆ ಹೀಗೆ ಪಂಡಿತರ ಮಟ್ಟದಲ್ಲಿ ಮುನ್ನೂರು ವರ್ಷ ನಡೆದಿದೆ. ವೇಷವೆಂಬ ದೂರಿಗೆ ಭಾಷಾಚರಿತ್ರೆಯಲ್ಲಿ ಆಧಾರ ಸಾಲದೆಂದು ನಮ್ಮ ಎಣಿಕೆ. ‘ದೀಕ್ಷೆ’ ವೈದಿಕ ಯಜ್ಞದಿಂದ ಜೈನರಿಗೆ, ಶೈವರಿಗೆ, ವೀರಶೈವರಿಗೆ ಹೋದಾಗ ಅದನ್ನು ಯಾರೂ ವೇಷವೆನ್ನಲಿಲ್ಲ. ಹೋದಲ್ಲೆಲ್ಲ ಅದು ಅರ್ಥವನ್ನು ಬದಲಿಸಿಕೊಂಡು ಬಾಳಿತು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಎರವಲು ತಂದವರು ಆ ಶಬ್ದದ ಹಳೆಯ ಮನೆಯನ್ನು ಮಕ್ಕಳಿಗೆ ತೋರಿಸಬೇಕಾದುದು ನ್ಯಾಯ. ಬಾಳೆಹೊನ್ನೂರಿನಲ್ಲಿ ಪ್ರಸಾದವೆಂದರೆ ಏನೆಂದು ಸೀತೂರಿನ ಕ್ರೈಸ್ತ ಮಗುವಿಗೆ ತಿಳಿದರೆ ಪರಮಪ್ರಸಾದದ ಅರ್ಥ ಕೆಡುವುದಿಲ್ಲ, ಇನ್ನಷ್ಟು ಬೆಳಗುತ್ತದೆ. ಅದೇ ತಾಲ್ಲೂಕಿನ ಉಳಿದ ಮಕ್ಕಳಿಗೂ ಪಕ್ಕದ ಬೆಂಚಿನವನ ಪರಮಪ್ರಸಾದವೆಂದರೆ ಏನೆಂಬುದು ತಿಳಿದಿರಬೇಡವೆ?

ಪ್ರಶ್ನೋತ್ತರ ರೂಪದ ಬಗೆಗೆ ಬಹಳ ಹೇಳಬೇಕಾಗಿಲ್ಲ. ಅರ್ಥ ತಿಳಿಯದೆ ಉರುಹೊಡೆಯುವ ಪದ್ಧತಿಯನ್ನು ಶಿಕ್ಷಣತಜ್ಞರು ಹಳಿಯುವುದು ಸರಿಯೇ. ಆದರೆ ಮಗ್ಗಿಯನ್ನೂ ಅಮರವನ್ನೂ ಬಾಯಿಪಾಠದಿಂದ ಕಲಿತ ನಾಡಿನಲ್ಲಿ ಕಂಠಸ್ಥವಾದುದು ಕಾಲಾಂತರದಲ್ಲಿ ಅರ್ಥ ಬಿಡುವುದೂ ಉಂಟೆಂಬುದನ್ನು ನಾವು ಬಲ್ಲೆವು. ಕಾಫಿ ಕೊಯ್ಲು ಮುಗಿದೊಡನೆ ತಾಯಿತಂದೆಗಳ ಜೊತೆ ಬೇರೆ ತೋಟಕ್ಕೆ ಹೊರಟುಹೋಗುವ ಮಗು ಪುಸ್ತಕವನ್ನು ಒಯ್ಯುವುದಿಲ್ಲ. ಬಾಯಲ್ಲಿರುವುದನ್ನು ಮಾತ್ರ ಒಯ್ಯುತ್ತದೆ.

ಸಿದ್ಧತೆಯ ಕೊನೆಯಲ್ಲಿ, ಪರಮಪ್ರಸಾದದ ರೊಟ್ಟಿಯನ್ನು ಎದುರಿಗೆ ಹಿಡಿದು ‘ಕ್ರಿಸ್ತರ ಶರೀರ’ ಎಂದಾಗ ಮಗು ಹೇಳಬೇಕಾದುದು ಒಂದೇ ಮಾತು: ‘ಆಮೆನ್’. ಸಂಸ್ಕಾರ, ಪ್ರಸಾದ, ದೀಕ್ಷೆಗಳನ್ನೆಲ್ಲ ಕನ್ನಡಿಸಿದವರು ಈ ಹೀಬ್ರೂ ಶಬ್ದವನ್ನು ಮುಟ್ಟಲಿಲ್ಲ. ಕೊಂಕಣಿ, ಮಲಯಾಳ, ತಮಿಳು ಪ್ರಾರ್ಥನೆಗಳಲ್ಲಿಯೂ ಅದು ಹಾಗೆಯೇ ಉಳಿದಿದೆ. ಲೈನುಮನೆಯ ಮಗು ತನ್ನ ಮನೆಮಾತಿನಲ್ಲಿ ಕಲಿತು ಬಂದು, ಕನ್ನಡದ ಪಾಠದಲ್ಲಿ ತಿದ್ದಿಸಿಕೊಳ್ಳದೆ ಹಾಗೆಯೇ ಹೇಳಬಹುದಾದ ಮಾತು ಅದೊಂದೇ.